ತಕ್ಕಡಿ ಸರಿ, ಕೈಪಿಡಿ ತಪ್ಪು

ನ್ಯೂಟನ್‌ನ ಮೂರನೇ ನಿಯಮ ಆಡಿ ತಿಳಿಯಲಿ ಅಂತ ಮಗಳಿಗೆ ತರಿಸಿದ ವಿಜ್ಞಾನದ ಆಟದ ಪೆಟ್ಟಿಗೆ ಇದು. ಒಳಗೆ ಎರಡು ಸ್ಪ್ರಿಂಗ್ ತಕ್ಕಡಿ, ಒಂದು ಬಲೂನು ಕಾರು, ಒಂದು ಪುಟ್ಟ ಕೈಪಿಡಿ. ಹದಿನೈದು ದಿನ ಬಳಸಿ ನೋಡಿ ಬರೆಯುತ್ತಿದ್ದೇನೆ.

ತಕ್ಕಡಿಗಳು ಚೆನ್ನಾಗಿವೆ. ಒಂದರ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತಿರಲಿಲ್ಲ, ಮೇಲಿನ ತಿರುಪು ತಿರುಗಿಸಿದ ಮೇಲೆ ಸರಿಹೋಯಿತು. ಎರಡರ ಕೊಕ್ಕೆ ಒಂದಕ್ಕೊಂದು ಸಿಕ್ಕಿಸಿ ಒಂದು ತುದಿ ಮಗಳಿಗೆ, ಇನ್ನೊಂದು ಅವಳ ಅಣ್ಣನಿಗೆ ಕೊಟ್ಟೆ. ಅವನು ಎಳೆದ. ಎರಡರಲ್ಲೂ 3 ನ್ಯೂಟನ್ (ಬಲದ ಅಳತೆ). ಇನ್ನೂ ಜೋರಾಗಿ ಎಳೆದ. ಎರಡರಲ್ಲೂ 4.

“ಅಮ್ಮಾ, ನಾನು ಸುಮ್ನೆ ಹಿಡ್ಕೊಂಡಿದೀನಿ, ನನ್ನದ್ಯಾಕೆ ಏರ್ತಿದೆ?”

ಮೂರನೇ ನಿಯಮದ ವಿಷಯ ಅದೇ ಅಲ್ವಾ! ಒಂದು ವಸ್ತು ಇನ್ನೊಂದನ್ನು ಎಳೆದರೆ ಅಥವಾ ತಳ್ಳಿದರೆ, ಆ ಇನ್ನೊಂದೂ ಅಷ್ಟೇ ಬಲದಿಂದ ತಿರುಗಿ ಎಳೆಯುತ್ತದೆ ಅಥವಾ ತಳ್ಳುತ್ತದೆ. ಸುಮ್ನೆ ಹಿಡಿದ ಕೈಯೂ ಅಷ್ಟೇ ಬಲದಿಂದ ಎಳೆಯುತ್ತಿರುತ್ತದೆ.

ಹಾಗಾದ್ರೆ ಹಗ್ಗಜಗ್ಗಾಟದಲ್ಲಿ ಗೆಲ್ಲೋದು ಹೇಗೆ ಅಂತ ಅಣ್ಣ ತಗಾದೆ ತೆಗೆದ. ಕೈಪಿಡಿಯಲ್ಲಿ ಇದಕ್ಕೆ ಉತ್ತರವಿಲ್ಲ. ಅವನಿಗೆ ಸಾಕ್ಸ್ ಹಾಕಿಸಿ ನುಣುಪು ನೆಲದ ಮೇಲೆ ನಿಲ್ಲಿಸಿದೆ. ತಂಗಿ ಬರಿಗಾಲಲ್ಲಿ. ಟವೆಲ್ ಹಿಡಿದು ಎಳೆದಾಡಿದರು. ಅಣ್ಣ ನಿಂತ ಭಂಗಿಯಲ್ಲೇ ಜಾರಿಕೊಂಡು ಅವಳ ಹತ್ತಿರ ಬಂದ. ಟವೆಲ್ ಇಬ್ಬರನ್ನೂ ಒಂದೇ ಸಮ ಎಳೆಯುತ್ತದೆ, ಗೆಲ್ಲಿಸುವುದು ಪಾದಕ್ಕೂ ನೆಲಕ್ಕೂ ನಡುವಿನ ಹಿಡಿತ. ಸೋತವನು ಆಮೇಲೆ ಮೂರು ಸಲ ಸಾಕ್ಸ್ ಬದಲಾಯಿಸಿ ಆಡಿಸಿದ.

ಇನ್ನು ಕೈಪಿಡಿ. ಬಲೂನಿನಿಂದ ಹೊರಟ ಗಾಳಿ ಹೊರಗಿನ ಗಾಳಿಯನ್ನು ತಳ್ಳುವುದರಿಂದ ಕಾರು ಓಡುತ್ತದೆ ಅಂತ ಬರೆದಿದ್ದಾರೆ. ತಪ್ಪು. ಬಲೂನು ತನ್ನೊಳಗಿನ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ, ಆ ಗಾಳಿ ಬಲೂನನ್ನು ಮುಂದಕ್ಕೆ ದೂಡುತ್ತದೆ. ಹೊರಗಿನ ಗಾಳಿ ಕಾರಿಗೆ ಅಡ್ಡಿ ಅಷ್ಟೇ. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದೇ ತಪ್ಪು ಮಾಡಿ, ಗಾಳಿಯಿಲ್ಲದ ಕಡೆ ರಾಕೆಟ್ ಹೇಗೆ ಓಡೀತು ಅಂತ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಹಂಗಿಸಿತ್ತು. ತಿದ್ದಿಕೊಂಡದ್ದು 1969ರ ಜುಲೈ 17ರಂದು, ಅಪೊಲೊ 11 ನೌಕೆ ಚಂದ್ರನ ದಾರಿಯಲ್ಲಿದ್ದಾಗ. ಈ ಪೆಟ್ಟಿಗೆಯವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ ಅನ್ನಿಸುತ್ತದೆ.

ಕೈಪಿಡಿಯಲ್ಲಿ ಮೇಜಿನ ಮೇಲೆ ಪುಸ್ತಕ ಇಟ್ಟಿರುವ ಚಿತ್ರವೂ ಹಾಗೇ, ತಪ್ಪು. ಭೂಮಿಯ ಎಳೆತಕ್ಕೆ ಮೇಜಿನ ಒತ್ತು ಪ್ರತಿಕ್ರಿಯೆಯಂತೆ. ಎರಡೂ ಪುಸ್ತಕದ ಮೇಲೇ ಬೀಳುವ ಬಲಗಳು, ಕ್ರಿಯೆ-ಪ್ರತಿಕ್ರಿಯೆಯ ಜೋಡಿ ಹೇಗಾದೀತು? ಜೋಡಿಯ ಬಲಗಳು ಒಂದರ ಮೇಲೊಂದು ವಸ್ತು ಹಾಕುವಂಥವು, ಬೇರೆ ಬೇರೆ ವಸ್ತುಗಳ ಮೇಲೆ ಬೀಳಬೇಕು. ಭೂಮಿ ಪುಸ್ತಕವನ್ನು ಎಳೆದರೆ ಪುಸ್ತಕ ಭೂಮಿಯನ್ನು ಎಳೆಯುತ್ತದೆ, ಅದು ಜೋಡಿ. ಮಗಳು ಪೆನ್ಸಿಲ್‌ನಲ್ಲಿ ಆ ಬಾಣ ಹೊಡೆದುಹಾಕಿ ಹೊಸದು ಬರೆದಿದ್ದಾಳೆ.

ತಕ್ಕಡಿಗಳಿಗೋಸ್ಕರ ಕೊಳ್ಳಬಹುದು. ಬಲೂನು ಮಾತ್ರ ಬೇರೆ ತಂದಿಟ್ಟುಕೊಳ್ಳಿ. ಕೊಟ್ಟಿರುವುದು ಎರಡೇ, ಎರಡೂ ಮೊದಲ ದಿನವೇ ಒಡೆದವು.