ಗ್ರಾನೈಟ್ ಕಟ್ಟೆಯಡಿ ಬಾಷ್ ಬಿಲ್ಟ್-ಇನ್ ಡಿಶ್‌ವಾಶರ್: ಅಳತೆ, ಅಳವಡಿಕೆ, ಕೈಕೊಡುವ ಜಾಗಗಳು

ಬಾಷ್ ಕಂಪನಿಯ 60 ಸೆಂಟಿಮೀಟರ್ ಅಗಲದ ಪೂರ್ತಿ ಬಿಲ್ಟ್-ಇನ್ ಡಿಶ್‌ವಾಶರ್ ತೊಳೆಯುವ ಕೆಲಸದಲ್ಲಿ ನಿರಾಸೆ ಮಾಡುವುದಿಲ್ಲ. ಒಗ್ಗರಣೆಯ ಜಿಡ್ಡು ಕೂತ ಬಾಣಲೆ, ಸಾಂಬಾರ್ ಒಣಗಿದ ಪಾತ್ರೆ ಎರಡನ್ನೂ 70 ಡಿಗ್ರಿಯ ಇಂಟೆನ್ಸಿವ್ ಪ್ರೋಗ್ರಾಂ ಚೊಕ್ಕ ಮಾಡಿ ಕೊಡುತ್ತದೆ. ತೊಂದರೆ ಬರುವುದು ಬಹುತೇಕ ಯಂತ್ರದ ಹೊರಗೆ. ಗೂಡಿನ ಎತ್ತರ, ನಲ್ಲಿಯ ಒತ್ತಡ, ಸಿಂಕಿನ ಕೆಳಗೆ ಕೊಳೆನೀರು ಇಳಿಯುವ ಟ್ರ್ಯಾಪ್, ನೀರಿನ ಗಡಸುತನ ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹೊಸ ಯಂತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ಟೇಪ್ ಹಿಡಿಯಿರಿ.

ಯಂತ್ರದ ಎತ್ತರ 81.5 ಸೆಂ.ಮೀ. ಕಾಲುಗಳನ್ನು ತಿರುಗಿಸಿ 87.5 ಸೆಂ.ಮೀ. ತನಕ ಏರಿಸಬಹುದು, ಇಳಿಸಲು ಮಾತ್ರ ಸಾಧ್ಯವಿಲ್ಲ. ನಮ್ಮ ಕಡೆಯ ಹಳೆ ಅಡುಗೆಮನೆಗಳಲ್ಲಿ ಕಟ್ಟೆ ನೆಲದಿಂದ 32–33 ಇಂಚು ಇರುತ್ತದೆ. ಅದರಲ್ಲಿ ಗ್ರಾನೈಟ್ ಮುಕ್ಕಾಲು ಇಂಚು, ಅದರಡಿ ಕಡಪ ಕಲ್ಲಿದ್ದರೆ ಇನ್ನೊಂದು ಇಂಚಿನಷ್ಟು ಹೋಗುತ್ತದೆ. ಉಳಿಯುವುದು ಸುಮಾರು 31 ಇಂಚು, ಅಂದರೆ 79 ಸೆಂ.ಮೀ. ಯಂತ್ರ ಒಳಗೆ ಹೋಗುವುದೇ ಇಲ್ಲ. ಕೆಳಗೆ ಮೂರ್ನಾಲ್ಕು ಇಂಚಿನ ಸಿಮೆಂಟ್ ಮೆಟ್ಟಿಲು ಎತ್ತಿಸಿದ್ದರಂತೂ ಅದನ್ನು ಒಡೆಸದೆ ಗತಿಯಿಲ್ಲ. ಅಳತೆಯನ್ನು ಮುಂದೆ, ಹಿಂದೆ, ಎಡ, ಬಲ ಎಲ್ಲ ಕಡೆ ತೆಗೆದುಕೊಳ್ಳಿ. ನೆಲ ಮೋರಿಯ ಕಡೆ ಇಳಿಜಾರಾಗಿರುವುದು ಮಾಮೂಲಿ. ಆಳ ಕನಿಷ್ಠ 55 ಸೆಂ.ಮೀ. ಬೇಕು, ಅದೂ ಹಿಂದಿನ ಟೈಲ್ಸ್ ಮತ್ತು ಗೋಡೆಯ ಮೇಲೆ ಓಡುವ ಪೈಪುಗಳನ್ನು ಕಳೆದ ಮೇಲೆ. ಕಟ್ಟೆ ಈಗಾಗಲೇ ಆಗಿಹೋಗಿದ್ದು 81.5 ಸಿಗದಿದ್ದರೆ ಬಿಲ್ಟ್-ಇನ್ ಆಸೆ ಬಿಟ್ಟು, ಹೊರಗೆ ನಿಲ್ಲುವ ಮಾದರಿಯನ್ನೇ ತೆಗೆದುಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ.

ನೀರಿನ ಒತ್ತಡ ಕನಿಷ್ಠ 0.5 ಬಾರ್ ಇರಬೇಕು. ಲೆಕ್ಕ ಸುಲಭ: ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ 5 ಮೀಟರ್ ಎತ್ತರವಿದ್ದರೆ 0.5 ಬಾರ್. ಒಂದೇ ಅಂತಸ್ತಿನ ಮನೆ, ತಾರಸಿಯ ಮೇಲೆ ಮೂರಡಿ ಸ್ಟ್ಯಾಂಡಿನ ಮೇಲೆ ಸಿಂಟೆಕ್ಸ್ ಟ್ಯಾಂಕ್ ಎಂದರೆ ಸಿಗುವುದು ಮೂರೂವರೆ ಮೀಟರ್ ಆಸುಪಾಸು. ಅಲ್ಲಿ ನೀರು ತುಂಬಲು ಹೊತ್ತು ಹಿಡಿದು ಇ18 ಎಂಬ ಎರರ್ ಕೋಡ್ ಬರುತ್ತದೆ. ಯಂತ್ರಕ್ಕೆ ಕೊಡುವ ನಲ್ಲಿಯನ್ನೇ ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ಇಟ್ಟು ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ ಸರಿ, ಇಲ್ಲವಾದರೆ ಪ್ರೆಶರ್ ಪಂಪ್ ಬೇಕು. ಮೊದಲು ಚೆನ್ನಾಗಿದ್ದು ಆಮೇಲೆ ಇ18 ಬಂದರೆ ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿಯ ಜಾಲರಿ ಬಿಚ್ಚಿ ನೋಡಿ, ಬೋರ್ ನೀರಿನ ಮರಳು ಅಲ್ಲೇ ಕೂತಿರುತ್ತದೆ.

ನಲ್ಲಿಯ ವಿಷಯದಲ್ಲಿ ಇನ್ನೆರಡು ಮಾತು. ಸಿಂಕಿನಡಿಯ ಮಾಮೂಲಿ ಆ್ಯಂಗಲ್ ಕಾಕ್ ಅರ್ಧ ಇಂಚಿನದು, ಇದಕ್ಕೆ ಬೇಕಾದದ್ದು ಮುಕ್ಕಾಲು ಇಂಚಿನ ಮರೆ (ಥ್ರೆಡ್). ವಾಷಿಂಗ್ ಮಷೀನಿಗೆ ಹಾಕುವ ನಲ್ಲಿ ಸರಿಹೋಗುತ್ತದೆ. ಪೈಪಿನ ತುದಿಯಲ್ಲಿರುವ ದಪ್ಪ ಡಬ್ಬಿ ಆಕ್ವಾಸ್ಟಾಪ್, ಅಂದರೆ ಸೋರಿಕೆಯಾದರೆ ನೀರು ನಿಲ್ಲಿಸುವ ಸಾಧನ. ಅದರೊಳಗೆ ವಿದ್ಯುತ್ ವಾಲ್ವ್ ಇದೆ, ಪೈಪಿನೊಳಗೆ ಅದಕ್ಕೆ ಹೋಗುವ ವೈರ್ ಇದೆ. ಉದ್ದ ಹೆಚ್ಚಾಯಿತೆಂದು ಪ್ಲಂಬರ್ ಅದನ್ನು ಕತ್ತರಿಸಿದರೆ ಯಂತ್ರ ಸತ್ತ ಹಾಗೆ. ಪಕ್ಕದ ಕ್ಯಾಬಿನೆಟ್ಟಿಗೆ ಎರಡಿಂಚಿನ ತೂತು ಕೊರೆದು ಬಿಟ್ಟರೆ ಈ ಡಬ್ಬಿ ತೂರುವುದಿಲ್ಲ. ಡಬ್ಬಿಯನ್ನೇ ಹಿಡಿದು ಅಳತೆ ನೋಡಿ ಕೊರೆಸಿ. 16 ಆ್ಯಂಪ್ ಸಾಕೆಟ್ ಕೂಡ ಅದೇ ಪಕ್ಕದ ಕ್ಯಾಬಿನೆಟ್ಟಿನಲ್ಲಿರಲಿ. ಯಂತ್ರದ ಹಿಂದೆ ಇಟ್ಟರೆ ಯಂತ್ರ ಅಷ್ಟು ಮುಂದೆ ಬರುತ್ತದೆ, ರಿಪೇರಿಗೆ ಸ್ವಿಚ್ಚೂ ಕೈಗೆಟುಕುವುದಿಲ್ಲ.

ಹೊಸ ಅಳವಡಿಕೆಯಲ್ಲಿ ಅತಿ ಹೆಚ್ಚು ಕಾಣುವುದು ಇ24, ಅಂದರೆ ಕೊಳೆನೀರು ಹೊರಹೋಗುತ್ತಿಲ್ಲ. ಎಲ್ಲರೂ ಪಂಪನ್ನು ಬೈಯುತ್ತಾರೆ, ಕಾರಣ ಮಾತ್ರ ಬಹುತೇಕ ಬೇರೆ ಕಡೆ ಇರುತ್ತದೆ. ಸಿಂಕಿನ ಬಾಟಲ್ ಟ್ರ್ಯಾಪಿನ ಪಕ್ಕದಲ್ಲಿ ಡ್ರೇನ್ ಪೈಪ್ ಸಿಕ್ಕಿಸಲು ಒಂದು ಮೂತಿ ಇರುತ್ತದೆ. ಅದರ ಬಾಯಿಗೆ ತೆಳು ಪ್ಲಾಸ್ಟಿಕ್ ಪರದೆಯನ್ನು ಅಚ್ಚಿನಲ್ಲೇ ಮುಚ್ಚಿರುತ್ತಾರೆ. ಅದನ್ನು ಚಾಕುವಿನಿಂದ ಕೊಯ್ದು ತೆಗೆಯದೆ ಪೈಪ್ ಸಿಕ್ಕಿಸಿ ಕ್ಲಿಪ್ ಬಿಗಿದರೆ ನೀರಿಗೆ ದಾರಿಯೇ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎರಡನೆಯ ಕಾರಣ, ಯಂತ್ರ ಹಿಂದಕ್ಕೆ ತಳ್ಳುವಾಗ ಪೈಪ್ ಮಡಚಿಕೊಳ್ಳುವುದು. ಒಬ್ಬರು ತಳ್ಳುತ್ತಿದ್ದರೆ ಇನ್ನೊಬ್ಬರು ಸಿಂಕಿನ ಕಡೆಯಿಂದ ಪೈಪನ್ನು ಎಳೆದುಕೊಳ್ಳುತ್ತಿರಬೇಕು. ಪೈಪನ್ನು ಕಟ್ಟೆಯಡಿಯ ತನಕ ಮೇಲೆತ್ತಿ ಬಾಗಿಸಿ ಆಮೇಲೆ ಟ್ರ್ಯಾಪಿಗೆ ಇಳಿಸಿ. ಹಾಗೆ ಮಾಡದಿದ್ದರೆ ಸಿಂಕಿನ ಕೊಳಕು ನೀರು ಪಾತ್ರೆಯ ಮೇಲೆ ವಾಪಸು ಬರುತ್ತದೆ.

ವರ್ಷ ಕಳೆದ ಮೇಲೆ ಬರುವ ಇ25 ಬೇರೆ ಕಥೆ, ಪಂಪಿಗೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಒಳಗಿನ ನೀರು ಮೊಗೆದು, ಸಿಲಿಂಡರ್ ಫಿಲ್ಟರ್ ತಿರುಗಿಸಿ ತೆಗೆದು, ಕೆಳಗಿನ ಪಂಪಿನ ಮುಚ್ಚಳವನ್ನು ಚಮಚದಿಂದ ಮೀಟಿ ಎತ್ತಿ. ನಿಂಬೆ ಬೀಜ, ಕರಿಬೇವಿನ ಕಡ್ಡಿ, ಗಾಜಿನ ಚೂರು ಅಲ್ಲೇ ಸಿಕ್ಕಿಕೊಂಡಿರುತ್ತವೆ. ಗಾಜಿನ ಚೂರಿರಬಹುದಾದ್ದರಿಂದ ಬರಿಗೈ ಹಾಕಬೇಡಿ, ಸ್ವಿಚ್ ಆಫ್ ಮಾಡಿಯೇ ಮುಂದುವರಿಯಿರಿ. ಮುಚ್ಚಳ ವಾಪಸು ಹಾಕುವಾಗ ಕ್ಲಿಕ್ ಎನ್ನದಿದ್ದರೆ ಅದೇ ಕೋಡ್ ಮತ್ತೆ ಬರುತ್ತದೆ.

ಇ15 ಎಂದರೆ ತಳದ ತಟ್ಟೆಯಲ್ಲಿ ನೀರು ಸೇರಿ, ಥರ್ಮೋಕೋಲಿನ ತೇಲುಬಿಲ್ಲೆ ಮೇಲೆದ್ದು ಸ್ವಿಚ್ ಒತ್ತಿದೆ ಎಂದರ್ಥ. ಯಂತ್ರವನ್ನು ಓರೆ ಮಾಡಿ ನೀರು ಚೆಲ್ಲಿದರೆ ಕೋಡ್ ಹೋಗುತ್ತದೆ, ಸೋರಿಕೆ ಹೋಗುವುದಿಲ್ಲ. ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಮೂಲ ಹುಡುಕಿ. ಸಾಧಾರಣ ಡಿಶ್‌ವಾಶ್ ಜೆಲ್ ಹಾಕಿ ನೊರೆ ಉಕ್ಕಿಸಿದ್ದರೂ ಇದೇ ಆಗುತ್ತದೆ.

ನೀರಿನ ಗಡಸುತನದಲ್ಲಿ ನಡೆಯುವ ಎಡವಟ್ಟು ಟಿಡಿಎಸ್ ಮೀಟರಿನಿಂದ. ಆ ಮೀಟರ್ ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆ, ಯಂತ್ರಕ್ಕೆ ಬೇಕಾದದ್ದು ಸುಣ್ಣದ ಅಂಶ ಮಾತ್ರ. ಗಡಸುತನದ ಕಿಟ್ ತಂದು ಅಳೆದು, ಬಂದ ಪಿಪಿಎಂ ಅಂಕಿಯನ್ನು 17.8ರಿಂದ ಭಾಗಿಸಿದರೆ ಯಂತ್ರ ಬಳಸುವ ಗಡಸುತನದ ಅಳತೆ, ಜರ್ಮನ್ ಡಿಗ್ರಿ ಸಿಗುತ್ತದೆ. ಬೆಂಗಳೂರಿನ ಬೋರ್ ನೀರು 500 ಪಿಪಿಎಂ ಬಂತೆನ್ನಿ, ಅದು 28 ಡಿಗ್ರಿ, ಯಂತ್ರದೊಳಗೇ ಇರುವ, ಉಪ್ಪಿನಿಂದ ನೀರು ಮೆದು ಮಾಡುವ ಸಾಫ್ಟ್‌ನರಿನ ಸೆಟ್ಟಿಂಗ್ ಎಚ್06. ಕೊನೆಯ ಸೆಟ್ಟಿಂಗ್ ಎಚ್07 50 ಡಿಗ್ರಿಯ ತನಕ, ಅಂದರೆ 890 ಪಿಪಿಎಂ ತನಕ ಮಾತ್ರ ನಿಭಾಯಿಸುತ್ತದೆ. ಅದರಾಚೆ ಮನೆಗೇ ಸಾಫ್ಟ್‌ನರ್ ಹಾಕಿಸದೆ ಬಿಳಿ ಕಲೆ ಹೋಗದು. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದ್ದು ನೀರು 6 ಡಿಗ್ರಿಗಿಂತ ಕಡಿಮೆ ಇದ್ದರೆ ಎಚ್00 ಇಟ್ಟು ಉಪ್ಪನ್ನೇ ಹಾಕಬೇಡಿ. ಅತಿ ಮೆದು ನೀರಿನಲ್ಲಿ ಗಾಜಿನ ಲೋಟ ಮಂಕಾಗುತ್ತದೆ, ಆ ಮಂಕು ಮತ್ತೆ ಹೋಗುವುದಿಲ್ಲ. ಮೊದಲ ಸಲ ಉಪ್ಪಿನ ತೊಟ್ಟಿಗೆ ಒಂದು ಲೀಟರ್ ನೀರು ಹೊಯ್ದು ಆಮೇಲೆ ಡಿಶ್‌ವಾಶರ್ ಉಪ್ಪು ತುಂಬಿ, ತಕ್ಷಣ ಒಂದು ಪ್ರೋಗ್ರಾಂ ಓಡಿಸಿ. ಚೆಲ್ಲಿದ ಉಪ್ಪುನೀರು ನಿಂತರೆ ಸ್ಟೀಲಿಗೂ ತುಕ್ಕು ಬರುತ್ತದೆ. ಅಡುಗೆಯ ಪುಡಿ ಉಪ್ಪು ಬೇಡ.

ಕೊನೆಯ ಕೆಲಸ ಯಂತ್ರದ ಬಾಗಿಲ ಮುಂದೆ ಕೂರಿಸುವ ಹಲಗೆ. 18 ಮಿ.ಮೀ. ಬಿಡಬ್ಲ್ಯುಪಿ (ನೀರು ತಡೆಯುವ) ಪ್ಲೈವುಡ್, ಎರಡೂ ಕಡೆ ಲ್ಯಾಮಿನೇಟ್ ಸೇರಿ ಸುಮಾರು 6 ಕೆ.ಜಿ. ಆಗುತ್ತದೆ. ಹಲಗೆ ಕೂರಿಸಿದ ಮೇಲೆ ಅರ್ಧ ತೆರೆದ ಬಾಗಿಲು ದಡ್ಡೆಂದು ಬಿದ್ದರೆ ಮುಂದಿನ ಎರಡೂ ಸ್ಪ್ರಿಂಗ್ ಸ್ಕ್ರೂಗಳನ್ನು ಸಮನಾಗಿ ಬಿಗಿಯಿರಿ, ತಾನೇ ಮೇಲೇಳುತ್ತಿದ್ದರೆ ಸಡಿಲಿಸಿ. ಒಂದೇ ಕಡೆ ಬಿಗಿದರೆ ಬಾಗಿಲು ಸೊಟ್ಟಗಾಗಿ ಮೂಲೆಯಿಂದ ತೊಟ್ಟಿಕ್ಕುತ್ತದೆ. ಇನ್ನು ಯಂತ್ರ ಮುಂದಕ್ಕೆ ವಾಲದಂತೆ ಬಂಧಿಸುವ ವಿಚಾರ. ಗ್ರಾನೈಟಿಗೆ ಸ್ಕ್ರೂ ಹಿಡಿಯುವುದಿಲ್ಲ, ಅದಕ್ಕಾಗಿ ಪಕ್ಕದ ಕ್ಯಾಬಿನೆಟ್ಟಿಗೆ ಬಂಧಿಸಬೇಕು. ಪಕ್ಕದಲ್ಲೂ ಕಡಪ ಕಲ್ಲೇ ಇದ್ದರೆ ಬಡಗಿಯ ಕೈಲಿ ಪ್ಲೈವುಡ್ ಪಟ್ಟಿ ಕೂರಿಸಿಕೊಳ್ಳಿ. ಇದನ್ನು ಬಿಟ್ಟುಹೋಗುವ ಫಿಟ್ಟರ್‌ಗಳಿದ್ದಾರೆ. ಅವರು ಹೊರಡುವ ಮುನ್ನ ಕೆಳಗಿನ ರ‍್ಯಾಕಿನಲ್ಲಿ ಕುಕ್ಕರ್, ಪಾತ್ರೆಗಳನ್ನು ತುಂಬಿ ಎರಡೂ ರ‍್ಯಾಕ್ ಪೂರ್ತಿ ಹೊರಗೆಳೆಯಿರಿ. ಹಿಂದಿನ ಕಾಲು ಕೂದಲೆಳೆಯಷ್ಟು ಎದ್ದರೂ ಸಹಿ ಹಾಕಬೇಡಿ.