ಪಾಲಿಶ್ ಮಾಡದ ಸಿರಿಧಾನ್ಯ: ಯಾವ ಪೊಟ್ಟಣ ಕೊಳ್ಳಬಹುದು, ಯಾವುದನ್ನು ಅಲ್ಲೇ ಬಿಡಬೇಕು

ಕರ್ನಾಟಕ ಸಾವಯವ ಕೃಷಿ ನೀತಿ ತಂದದ್ದು 2004ರಲ್ಲಿ. ಆಮೇಲೆ ‘ಸಾವಯವ ಭಾಗ್ಯ’ ಯೋಜನೆಯಡಿ ರೈತ ಸಂಘಗಳನ್ನು ಸೇರಿಸಿ 14 ಪ್ರಾಂತೀಯ ಒಕ್ಕೂಟಗಳನ್ನು ಕಟ್ಟಲಾಯಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿರಿಧಾನ್ಯ ಮೇಳಗಳಾದವು. ‘ರೈತ ಸಿರಿ’ ಯೋಜನೆಯಲ್ಲಿ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಬಂತು. ಇಷ್ಟೆಲ್ಲ ಆದ ಮೇಲೆ ಕೊಳ್ಳುವವರ ಕೈಗೆ ಸಿಗುವುದು ಅರ್ಧ ಕಿಲೊದ, ಒಂದು ಕಿಲೊದ ಪೊಟ್ಟಣ. ಒಕ್ಕೂಟದ ಮಳಿಗೆ, ರೈತ ಉತ್ಪಾದಕ ಕಂಪನಿ, ದೊಡ್ಡ ಬ್ರ್ಯಾಂಡ್ ಎಂಬ ಭೇದವಿಲ್ಲದೆ ಆ ಪೊಟ್ಟಣವನ್ನೇ ಇಲ್ಲಿ ತೂಗಿ ನೋಡಿದ್ದೇವೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಹೊಲದಲ್ಲಿ ಎಷ್ಟೇ ಚೆನ್ನಾಗಿ ಬೆಳೆದಿರಲಿ, ಅದನ್ನು ಉಳಿಸುವುದು ಅಥವಾ ಕೆಡಿಸುವುದು ಹೊಟ್ಟು ಬಿಡಿಸುವ ಮಿಲ್ಲು. ನೀತಿಯವರ ಗಮನ ಹೊಲ ಮತ್ತು ಮೇಳಗಳ ಮೇಲೆ ಬಿದ್ದಷ್ಟು ಮಿಲ್ಲಿನ ಮೇಲೆ ಬಿದ್ದಿಲ್ಲ ಎನ್ನುವುದು ನಮ್ಮ ತಕರಾರು. ಆದ್ದರಿಂದ ಕೊಳ್ಳುವಾಗ ‘ಸಾವಯವ’ ಎಂಬ ದಪ್ಪಕ್ಷರಕ್ಕಿಂತ ಪ್ಯಾಕ್ ಮಾಡಿದ ತಾರೀಕನ್ನೂ ಕಾಳಿನ ಬಣ್ಣವನ್ನೂ ಮೊದಲು ನೋಡಿ.

ರಾಗಿ, ಜೋಳ, ಸಜ್ಜೆಗೆ ಬಿಡಿಸಬೇಕಾದ ಗಟ್ಟಿ ಹೊಟ್ಟಿಲ್ಲ. ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗಿಗೆ ಇದೆ. ಮಿಲ್ಲಿನಲ್ಲಿ ಕಾಳು ಮೊದಲು ಗಾತ್ರ ನೋಡಿ ಬೇರ್ಪಡಿಸುವ ಗ್ರೇಡರ್ ಹಾಯ್ದು, ಡಿಸ್ಟೋನರ್‌ನಲ್ಲಿ ಕಲ್ಲು ಕಳೆದುಕೊಂಡು, ಹೊಟ್ಟು ಬಿಡಿಸುವ ಹಲ್ಲರ್‌ಗೆ ಹೋಗುತ್ತದೆ. ಬಿಟ್ಟ ಹೊಟ್ಟನ್ನು ಗಾಳಿ ಎಳೆದುಕೊಳ್ಳುತ್ತದೆ. ಕಾಳಿನ ತೇವಾಂಶ ಶೇ 10–12ರ ಆಸುಪಾಸಿನಲ್ಲಿರಬೇಕು. ಹಸಿ ಹೆಚ್ಚಾದರೆ ಹೊಟ್ಟು ಬಿಡುವುದಿಲ್ಲ, ತೀರಾ ಒಣಗಿದರೆ ಕಾಳು ಒಡೆದು ನುಚ್ಚಾಗುತ್ತದೆ. ಸಾಮೆಯಲ್ಲಿ ಕಲ್ಲು ಉಳಿಯುವುದಕ್ಕೂ ಕಾರಣವಿದೆ: ಸಣ್ಣ ಮರಳಿನ ಕಲ್ಲು ಹೆಚ್ಚುಕಡಿಮೆ ಸಾಮೆ ಕಾಳಿನ ಗಾತ್ರದ್ದೇ, ಜರಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೂಕ ನೋಡಿ ಬೇರ್ಪಡಿಸುವ ಡಿಸ್ಟೋನರ್‌ಗೆ ಮಾತ್ರ ಅದು ಸಾಧ್ಯ, ಅದರಲ್ಲೂ ಗಾಳಿಯ ವೇಗ ತಪ್ಪಿದರೆ ಕಲ್ಲೂ ಕಾಳಿನ ಜೊತೆಗೇ ಇಳಿಯುತ್ತದೆ.

ಪಾಲಿಶ್ ಎಂದರೆ ಕಾಳಿನ ಮೇಲಿನ ನಾರಿನ ಪದರ, ಅಂದರೆ ತೌಡು, ಉಜ್ಜಿಹೋಗುವುದು. ಅದು ಆಗಿಬಿಡುವುದು ಇಲ್ಲಿಯೇ. ಹಲ್ಲರ್‌ನಲ್ಲಿ ಒಂದು ಸಲ ಹಾಯಿಸಿದರೆ ಸ್ವಲ್ಪ ಕಾಳು ಹೊಟ್ಟಿನ ಸಮೇತ ಉಳಿದೇ ಉಳಿಯುತ್ತದೆ. ಅದನ್ನು ಸರಿಯಾಗಿ ಬೇರ್ಪಡಿಸದೆ ಇಡೀ ರಾಶಿಯನ್ನೇ ಎರಡನೇ ಸಲ, ಮೂರನೇ ಸಲ ಹಾಕಿದರೆ, ಆಗಲೇ ಹೊಟ್ಟು ಬಿಟ್ಟಿದ್ದ ಕಾಳಿನ ತೌಡೂ ಉಜ್ಜಿ ಹೋಗುತ್ತದೆ. ಮಿಲ್ಲಿನವರು ಬೇಕೆಂದೇ ಪಾಲಿಶ್ ಮಾಡಿರಬೇಕೆಂದಿಲ್ಲ, ‘ಅನ್‌ಪಾಲಿಶ್ಡ್’ ಎಂದು ಮುದ್ರಿಸಿದ ಪೊಟ್ಟಣದಲ್ಲಿ ಅರೆಪಾಲಿಶ್ ಕಾಳು ಸಿಗುವುದು ಹೀಗೆ. ಆದ್ದರಿಂದ ನೂರು ಕಾಳಿಗೆ ಒಂದೆರಡು ಹೊಟ್ಟಿನ ಕಾಳು ಕಂಡರೆ ಮುಖ ಸಿಂಡರಿಸಬೇಡಿ, ನಮ್ಮ ಲೆಕ್ಕದಲ್ಲಿ ಅದು ಒಳ್ಳೆಯ ಗುರುತು. ಐದು ದಾಟಿದರೆ ಮಾತ್ರ ಅಂಗಡಿಗೆ ವಾಪಸ್ ಕೊಡಿ.

ಬಣ್ಣದಲ್ಲಿ ಗುರುತು ಹಿಡಿಯುವುದು ಅಭ್ಯಾಸದ ಮಾತು. ತೌಡಿರುವ ಸಾಮೆ ಮಾಸಲು ಬೂದು, ಪಾಲಿಶ್ ಆದದ್ದು ಬಿಳಿ. ಕೊರಲೆಯಲ್ಲಿ ತುಸು ಹಸಿರು ಛಾಯೆಯ ಬೂದು ಕಾಣಬೇಕು. ನವಣೆಯಲ್ಲಿ ಕಣ್ಣು ಮೋಸ ಹೋಗುತ್ತದೆ, ಏಕೆಂದರೆ ಅದು ಹೇಗಿದ್ದರೂ ಹಳದಿಯೇ. ಅನುಮಾನವಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ ಸಾಕು. ಬಿಳಿ ತಟ್ಟೆಯಲ್ಲಿ ಇಪ್ಪತ್ತು ಇಡಿಯ ಕಾಳು ಹರಡಿ, ಒಂದು ಪಾಲು ದ್ರಾವಣಕ್ಕೆ ನಾಲ್ಕು ಪಾಲು ನೀರು ಬೆರೆಸಿ ಕಾಳು ಮುಳುಗುವಷ್ಟು ಹಾಕಿ. ಒಂದು ನಿಮಿಷ ಬಿಟ್ಟು ತೊಳೆಯಿರಿ. ತೌಡು ಹೋಗಿ ಪಿಷ್ಟ ಬಯಲಾದ ಕಡೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು ಬಣ್ಣ ಹಿಡಿಯುತ್ತದೆ. ತೌಡಿದ್ದ ಕಡೆ ಕಂದು ಬಣ್ಣವಷ್ಟೇ ಉಳಿಯುತ್ತದೆ. ಒಡೆದ ಕಾಳಿನ ತುದಿ ಹೇಗೂ ನೀಲಿಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪರೀಕ್ಷೆಗೆ ಬಳಸಿದ ಕಾಳನ್ನು ಎಸೆಯಿರಿ.

ಪೊಟ್ಟಣದ ಹಿಂಬದಿಯ ಪೌಷ್ಟಿಕಾಂಶದ ಪಟ್ಟಿಗೆ ನಾವು ಅಂಕ ಕೊಡುವುದಿಲ್ಲ. ನವಣೆ ಎಂದರೆ 100 ಗ್ರಾಂಗೆ ಪ್ರೋಟೀನ್ 12.3 ಗ್ರಾಂ, ಕೊಬ್ಬು 4.3, ನಾರು 8 ಎಂಬ ಅದೇ ಅಂಕಿಗಳು ಎಷ್ಟೋ ಕಡೆ ಕಾಣುತ್ತವೆ. ಅವು ಹಳೆಯ ಪಟ್ಟಿಯಿಂದ ಎತ್ತಿದವು, ಆ ಪೊಟ್ಟಣದ ಕಾಳನ್ನು ಪರೀಕ್ಷಿಸಿ ಬರೆದದ್ದಲ್ಲ. ಫಳಫಳ ಹೊಳೆಯುವ ಕಾಳಿನ ಮೇಲೂ ಅದೇ ನಾರಿನ ಅಂಕಿ ಇದ್ದರೆ ನಂಬುವುದು ಹೇಗೆ?

ಮುದ್ರೆಗಳ ವಿಷಯ. ಪಿಜಿಎಸ್ ಎಂಬುದು ರೈತರ ಗುಂಪೇ ಖಾತರಿ ಕೊಡುವ ಸಾವಯವ ಪ್ರಮಾಣೀಕರಣ. ‘ಪಿಜಿಎಸ್-ಗ್ರೀನ್’ ಎಂದರೆ ಜಮೀನು ಇನ್ನೂ ಸಾವಯವಕ್ಕೆ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ. ಪೂರ್ತಿ ಆದದ್ದಕ್ಕೆ ‘ಪಿಜಿಎಸ್-ಆರ್ಗ್ಯಾನಿಕ್’. ಈ ಪದ್ಧತಿಯಲ್ಲಿ ಕನಿಷ್ಠ ಐದು ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುತ್ತಾರೆ. ಹೊರಗಿನ ಸಂಸ್ಥೆಯ ಪ್ರಮಾಣಪತ್ರದ ಖರ್ಚು ತಡೆಯಲಾರದ ಸಣ್ಣ ರೈತರಿಗೆ ಇದು ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ. ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ಬೆಳೆಗಾರರು ನೇರವಾಗಿ ಗ್ರಾಹಕರಿಗೆ ಮಾರುವುದಾದರೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ, ಆದರೆ ಅವರು ಪ್ರಮಾಣೀಕೃತ ಸಾವಯವ ಆಹಾರದ ‘ಜೈವಿಕ್ ಭಾರತ್’ ಮುದ್ರೆ ಹಾಕುವಂತಿಲ್ಲ. ಸಂತೆಯಲ್ಲಿ ಮುದ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ದೂರ ಇಡಬೇಡಿ. ಇನ್ನು 2023ರ ಸೆಪ್ಟೆಂಬರ್ 1ರಿಂದ 15 ಬಗೆಯ ಸಿರಿಧಾನ್ಯಗಳಿಗೆ ತೇವಾಂಶ, ಕಸಕಡ್ಡಿ, ಯೂರಿಕ್ ಆಮ್ಲ ಮುಂತಾದ ಎಂಟು ಮಾನದಂಡಗಳು ಜಾರಿಯಲ್ಲಿವೆ. ಯೂರಿಕ್ ಆಮ್ಲ ಹುಳು ಬಿದ್ದ ಕಾಳಿನ ಗುರುತು. ಹುಳು ಕೇರಿ ತೆಗೆದು ಮತ್ತೆ ಪ್ಯಾಕ್ ಮಾಡಿದರೂ ಅದು ಸಿಕ್ಕಿಬೀಳುತ್ತದೆ.

ಬೆಲೆ ನ್ಯಾಯವೋ ಅನ್ಯಾಯವೋ ಎಂದು ನೋಡಲು ಒಂದು ಲೆಕ್ಕ. ಕ್ವಿಂಟಲ್ ನವಣೆಗೆ ಸಾಮಾನ್ಯವಾಗಿ 60ರಿಂದ 70 ಕಿಲೊ ಅಕ್ಕಿ (ಹೊಟ್ಟು ಬಿಡಿಸಿದ ಕಾಳು) ಸಿಗುತ್ತದೆ, ಗಟ್ಟಿ ಹೊಟ್ಟಿನ ಹಾರಕದಲ್ಲಿ ಇನ್ನೂ ಕಡಿಮೆ. ಉದಾಹರಣೆಗೆ ರೈತರಿಗೆ ಕಿಲೊಗೆ 35 ರೂಪಾಯಿ ಕೊಟ್ಟು 65 ಕಿಲೊ ಅಕ್ಕಿ ಪಡೆದರೆ, ಅಕ್ಕಿಗೆ ಬೀಳುವ ಅಸಲು 54 ರೂಪಾಯಿ. ಅದರ ಮೇಲೆ ಮಿಲ್ಲು, ಪ್ಯಾಕಿಂಗ್, ಸಾಗಣೆ, ಅಂಗಡಿಯವರ ಪಾಲು. ಪಾಲಿಶ್ ಮಾಡದಿದ್ದರೆ ಕ್ವಿಂಟಲ್‌ಗೆ ಅಕ್ಕಿ ಹೆಚ್ಚೇ ಸಿಗಬೇಕಲ್ಲ, ಮತ್ತೇಕೆ ದುಬಾರಿ? ತೌಡಿನಲ್ಲಿ ಎಣ್ಣೆಯಂಶವಿದೆ, ಬೇಗ ಕಮಟು ಹಿಡಿಯುತ್ತದೆ, ಅಂಗಡಿಯಿಂದ ವಾಪಸ್ ಬರುವ ಮಾಲಿನ ನಷ್ಟವೂ ಬೆಲೆಯಲ್ಲಿ ಸೇರುತ್ತದೆ. ಆದರೂ ರೈತರಿಗೆ ಎಷ್ಟು ಸೇರಿತು ಎಂದು ಪೊಟ್ಟಣ ನೋಡಿ ಹೇಳಲಾಗದು. ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆ ಇವೆ. ನವಣೆ, ಸಾಮೆ ಇಲ್ಲ. ಒಕ್ಕೂಟದ ಮಳಿಗೆಯಲ್ಲಿ ಖರೀದಿ ದರ ಕೇಳಿ. ಬಾಯಿಬಿಟ್ಟು ಹೇಳುವವರ ಹತ್ತಿರ ಹತ್ತು ರೂಪಾಯಿ ಹೆಚ್ಚಾದರೂ ಕೊಳ್ಳಬಹುದು.

ಯಾವ ಕಾಳು? ಹೊಸದಾಗಿ ಶುರು ಮಾಡುವವರಿಗೆ ಸಾಮೆ: ಒಂದು ಗಂಟೆ ನೆನೆಸಿ, ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು, ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಎರಡು ಕೂಗು, ಹತ್ತು ನಿಮಿಷ ಹಾಗೇ ಬಿಟ್ಟರೆ ಅನ್ನ ಉದುರಾಗಿ ಬರುತ್ತದೆ. ಉಪ್ಪಿಟ್ಟಿಗೆ, ಬಿಸಿಬೇಳೆಬಾತಿಗೆ ನವಣೆ. ಹಾರಕ, ಕೊರಲೆಗೆ ಆರು ಗಂಟೆ ನೆನೆಯುವುದು ಬೇಕೇ ಬೇಕು, ನೀರು ಮೂರು ಲೋಟ. ‘ಗಂಟಲಿಗೆ ಒರಟು’ ಎಂದು ದೂರುವವರು ಬಹುಪಾಲು ನೆನೆಸದೆ ಬೇಯಿಸಿದವರೇ. ತೊಳೆಯುವಾಗ ತೇಲಿದ ಹೊಟ್ಟು ಚೆಲ್ಲಿ, ಕೊನೆಯ ನೀರಿನಲ್ಲಿ ಜಾಲಿಸಿ ಕಲ್ಲನ್ನು ತಳದಲ್ಲಿ ಬಿಡಿ. ಐದಾರು ಧಾನ್ಯ ಬೆರೆಸಿದ ‘ಮಲ್ಟಿ ಮಿಲೆಟ್’ ಅಕ್ಕಿ ಬೇಡವೇ ಬೇಡ: ಸಾಮೆ ಮುದ್ದೆಯಾಗುವ ಹೊತ್ತಿಗೆ ಕೊರಲೆ ಇನ್ನೂ ಗಟ್ಟಿ. ಬಿಸ್ಕತ್ತು, ನೂಡಲ್ಸ್‌ನಲ್ಲಿ ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಹೆಸರು ಮೈದಾ ಆಗಿದ್ದರೆ ಮುಂದೆ ಓದಬೇಕಾಗಿಲ್ಲ.

ಪ್ಯಾಕ್ ಮಾಡಿ ತಿಂಗಳೊಳಗಿನದನ್ನೇ ಆರಿಸಿ, ಒಮ್ಮೆಗೆ ಎರಡು ಕಿಲೊ ಮೀರಬೇಡಿ. ವ್ಯಾಕ್ಯೂಮ್ ಪ್ಯಾಕ್ ಒಳ್ಳೆಯದೇ, ಆದರೆ ಒತ್ತಿ ನೋಡಿ: ಕಲ್ಲಿನಂತೆ ಗಟ್ಟಿಯಿರದೆ ಸಡಿಲವಾಗಿದ್ದರೆ ಎಲ್ಲೋ ತೂತು ಬಿದ್ದಿದೆ. ಮಾಮೂಲಿ ಪೊಟ್ಟಣದಲ್ಲಿ ಕಾಳು ಬಲೆಯಂಥ ಎಳೆಯಿಂದ ಅಂಟಿ ಗಂಟುಗಂಟಾಗಿದ್ದರೆ ಅದು ಪತಂಗದ ಮರಿಯ ಕೆಲಸ, ಬಿಸಿಲಿಗಿಟ್ಟರೆ ಸರಿಹೋಗುವುದಿಲ್ಲ, ವಾಪಸ್ ಕೊಡಿ. ಮನೆಗೆ ತಂದ ಮೇಲೆ ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ತೆಗೆದ ಮೇಲೆ ಮಾಮೂಲು ಬಿಸಿಗೆ ಬರುವವರೆಗೂ ಪೊಟ್ಟಣ ಬಿಚ್ಚದೆ, ಆಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.

ಕೈಯಲ್ಲಿ ದುಡ್ಡು ಬಿಗಿಯಿದ್ದರೆ ಈ ಯಾವುದರ ಗೊಡವೆಯೂ ಬೇಡ, ರಾಗಿ ಕೊಳ್ಳಿ. 2025–26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಇತ್ತು, ಹೊಟ್ಟು ಬಿಡಿಸುವ ಮಿಲ್ಲು ಬೇಕಿಲ್ಲ. ಕಲ್ಲು ಆರಿಸಿ, ಬಿಸಿಲಿಗೆ ಒಣಗಿಸಿ, ಹತ್ತಿರದ ಹಿಟ್ಟಿನ ಗಿರಣಿಯಲ್ಲಿ ಹದಿನೈದು ದಿನಕ್ಕಾಗುವಷ್ಟು ಬೀಸಿಸಿಕೊಂಡು ಬನ್ನಿ.