ಮೆಣಸಿನ ಎಲೆ ಮುರುಟಿದರೆ ಮದ್ದಿನ ಅಂಗಡಿಗೆ ಓಡಬೇಡಿ

ಫೆಬ್ರವರಿಯಲ್ಲಿ ನಮ್ಮ ತಾರಸಿಯಲ್ಲಿ 24 ಮೆಣಸಿನ ಸಸಿ ಇತ್ತು. ಈಗ 5 ಉಳಿದಿದೆ. ಹೋದ 19ರಲ್ಲಿ ಹುಳದ ಪಾಲು ಸ್ವಲ್ಪ, ನನ್ನ ಪಾಲು ಜಾಸ್ತಿ. ಬೇಸಿಗೆಯಲ್ಲಿ ಗ್ರೋಬ್ಯಾಗಿನಲ್ಲಿ ತರಕಾರಿ ಮಾಡುವವರು ನನ್ನ ಹಾಗೆ ಮಾಡಬೇಡಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಸಸಿ ಉಜ್ವಲ ತಳಿಯದು. ಒಂದು ತಿಂಗಳು ಚೆನ್ನಾಗಿಯೇ ಬಂತು. ಮಾರ್ಚ್ ಬಿಸಿಲು ಏರುತ್ತಿದ್ದ ಹಾಗೆ ತುದಿಯ ಚಿಗುರೆಲೆಗಳು ಮುರುಟಲು ಶುರುವಾದವು. ಮೊದಲು ಮೂರು ಗಿಡ, ವಾರದಲ್ಲಿ ಹತ್ತು. ಗಾಬರಿಯಾಗಿ ಒಂದು ಎಲೆ ಕಿತ್ತು ಪೇಟೆಯ ಮದ್ದಿನ ಅಂಗಡಿಗೆ ಒಯ್ದೆ. ಅವರು ಎಲೆಯನ್ನು ಸರಿಯಾಗಿ ನೋಡಲೇ ಇಲ್ಲ. "ಹುಳ, ಇದು ಗಿಡಕ್ಕೆ ಬಿಡಿ" ಎಂದು ದೊಡ್ಡ ಡಬ್ಬದಿಂದ ಖಾಲಿ ಸೋಡಾ ಬಾಟಲಿಗೆ ಸ್ವಲ್ಪ ಹೊಯ್ದು ಕೊಟ್ಟರು. ಚೀಟಿ ಇಲ್ಲ, ಹೆಸರಿಲ್ಲ. ನಾನೂ ಕೇಳಲಿಲ್ಲ.

ಸಂಜೆ ಮದ್ದು ಬಿಟ್ಟೆ. ಮುಖಕ್ಕೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಗಾಳಿ ತಿರುಗಿ ಕಣ್ಣಿಗೆ ಹೊಡೆಯಿತು, ರಾತ್ರಿಯಿಡೀ ಉರಿ. ಮರುದಿನ ಗ್ರೋಬ್ಯಾಗಿನ ಮಣ್ಣಿನ ಮೇಲೆ ಎರಡು ಗುಲಗಂಜಿ ಹುಳ ಕಾಲು ಮೇಲೆ ಮಾಡಿ ಬಿದ್ದಿದ್ದವು. ಗಿಡದ ಹೇನು ತಿಂದು ನಮಗೆ ಉಪಕಾರ ಮಾಡುವ ಹುಳ ಅದು. ಮುರುಟು ಮಾತ್ರ ಹಾಗೇ ಇತ್ತು. ವಾರ ಕಳೆದಾಗ ಇನ್ನೂ ಜೋರಾಯಿತು.

ಆಮೇಲೆ ಗೊತ್ತಾದ ಸಂಗತಿ ಇದು. ನನ್ನ ಗಿಡದಲ್ಲಿ ಇದ್ದದ್ದು ಮೈಟ್ ನುಸಿ. ಅದಕ್ಕೆ ಎಂಟು ಕಾಲು, ಜೇಡದ ಕಡೆಯ ಜಾತಿ. ಹೇನಿಗೆ, ಬಿಳಿ ನೊಣಕ್ಕೆ ಬಿಡುವ ಎಷ್ಟೋ ಮದ್ದು ಅದಕ್ಕೆ ತಾಗುವುದೇ ಇಲ್ಲ. ಅದನ್ನು ತಿನ್ನುವ ಹುಳಗಳು ಮಾತ್ರ ಸಾಯುತ್ತವೆ. ಆಗ ನುಸಿಗೆ ಹಬ್ಬ ಅಲ್ವಾ?

ಪಕ್ಕದ ಮನೆಯ ದೊಡ್ಡಮ್ಮ ಬಂದು ನೋಡಿ, "ಎಲೆ ಮಗುಚಿ ನೋಡಿದೆಯಾ ಮಾರಾಯ್ತಿ?" ಎಂದರು. ಇಲ್ಲ. ಅವರೇ ಒಂದು ತುದಿ ಹಿಡಿದು ತೋರಿಸಿದರು. ಎಲೆಯ ಅಂಚು ಕೆಳಕ್ಕೆ ಬಾಗಿ, ಕವುಚಿ ಹಾಕಿದ ದೋಣಿಯ ಹಾಗಿತ್ತು. ತೊಟ್ಟು ಉದ್ದವಾಗಿತ್ತು. ಅಡಿಭಾಗ ಕಂದುಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು, ಮುಟ್ಟಿದರೆ ಪಟಕ್ಕನೆ ಮುರಿಯಿತು. ಅದು ಮೈಟಿನ ಗುರುತು. ಮೈಟ್ ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಬೇಕು.

ಅಂಚು ಮೇಲಕ್ಕೆ ಮಡಚಿ ನೆಟ್ಟಗಿನ ದೋಣಿಯ ಹಾಗಾದರೆ ಅದು ಥ್ರಿಪ್ಸ್ ಎಂಬ ಸಣ್ಣ ಹುಳದ ಕೆಲಸ. ಬಿಳಿ ಕಾಗದದ ಮೇಲೆ ಚಿಗುರನ್ನು ತಟ್ಟಿದರೆ ಒಂದು ಮಿಲಿಮೀಟರಿನಷ್ಟು ಸಣ್ಣ ಹಳದಿ ಎಳೆಗಳು ಓಡಾಡುವುದು ಕಾಣುತ್ತದೆ. ಎಲೆ ಚಿಕ್ಕದಾಗಿ, ಸುಕ್ಕುಗಟ್ಟಿ, ಗಿಡವೇ ಗಿಡ್ಡವಾಗಿ ನಿಂತು, ಅಲುಗಾಡಿಸಿದಾಗ ಬಿಳಿ ನೊಣ ಹಾರಿದರೆ ಅದು ನೊಣ ತಂದ ವೈರಸ್ ಇರಬಹುದು. ಅದಕ್ಕೆ ಮದ್ದೇ ಇಲ್ಲ. ಅಂಥ ಗಿಡವನ್ನು ಕಿತ್ತು ಸುಡಬೇಕು, ಪಾಪ ಅಂತ ಇಟ್ಟುಕೊಂಡರೆ ಪಕ್ಕದ್ದಕ್ಕೂ ಹರಡುತ್ತದೆ.

ಇಷ್ಟು ತಿಳಿದ ಮೇಲಾದರೂ ಸುಮ್ನೆ ಇರಬೇಕಿತ್ತು. ನಾನು ಇರಲಿಲ್ಲ. ಬೇವಿನೆಣ್ಣೆಯನ್ನು ಅಂದಾಜಿಗೆ ಹೊಯ್ದು, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಬಿಟ್ಟೆ. ಮೈಟಿಗೆ ಗಂಧಕ ಒಳ್ಳೆಯದು ಎಂದು ಯಾರೋ ಹೇಳಿದ್ದರಿಂದ ಎರಡೇ ದಿನ ಬಿಟ್ಟು ಗಂಧಕದ ಪುಡಿ ಕಲಸಿ, ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ ಹೊಡೆದೆ. ಮೂರನೇ ದಿನ ಎಲೆಗಳ ಅಂಚು ಕಾದ ಕಾವಲಿಯಲ್ಲಿ ಮರೆತ ಹಪ್ಪಳದ ಹಾಗೆ ಕರಟಿತ್ತು. ಗಂಧಕ ಮೈಟಿಗೆ ಒಳ್ಳೆಯದು ಎನ್ನುವುದು ಸುಳ್ಳಲ್ಲ. ಆದರೆ ಎಣ್ಣೆ ಬಿಟ್ಟ ಗಿಡಕ್ಕೆ ಎರಡು ವಾರವಾದರೂ ಕಳೆಯದೆ ಗಂಧಕ ತಾಗಿಸಬಾರದು. ಸುಡುವ ಬಿಸಿಲಿಗಂತೂ ಬೇಡವೇ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ಡೂ ಎಳೆ ಎಲೆಗೆ ಆಗುವುದಿಲ್ಲ.

ಉಳಿದ ಐದಕ್ಕೆ ದೊಡ್ಡಮ್ಮ ಹೇಳಿದ ಹಾಗೆ ಮಾಡುತ್ತಿದ್ದೇನೆ. ಹೆಚ್ಚು ಮುರುಟಿದ ತುದಿ ಚಿವುಟಿ ಸುಡುವುದು. ಎಲೆಯ ಅಡಿಗೆ ನೀರು ರಭಸದಿಂದ ಹೊಡೆಯುವುದು. ಮೊದಲು ಬಿಟ್ಟ ಎಣ್ಣೆ, ಗಂಧಕದ ಕಾವು ಆರಲಿ ಎಂದು ಮೂರು ವಾರ ಬರೀ ಇಷ್ಟೇ. ಆಮೇಲೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕದಡುವಷ್ಟೇ ಬಾರ್ ಸೋಪು. ಮೊದಲು ಒಂದೇ ಎಲೆಗೆ ಬಿಟ್ಟು ಒಂದು ದಿನ ಕಾದೆ, ನಂತರ ಸಂಜೆ ಹೊತ್ತು ಎಲೆಯ ಅಡಿಗೆ. ವಾರಕ್ಕೊಮ್ಮೆ. ದೊಡ್ಡಮ್ಮ ತೆಳುವಾದ ಗಂಜಿ ತೆಳಿಯನ್ನೂ ಬಿಡುತ್ತಾರೆ, ಒಣಗುವಾಗ ಸಣ್ಣ ಹುಳ ಅದರಲ್ಲೇ ಅಂಟುತ್ತದಂತೆ. ಅವರ ಗಿಡಗಳು ನನ್ನವಕ್ಕಿಂತ ಚೆನ್ನಾಗಿವೆ, ಅದನ್ನು ಒಪ್ಪಲೇಬೇಕು.

ನಾಚಿಕೆಯ ವಿಷಯ ಇನ್ನೊಂದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಹುಳದ ಮದ್ದು ಸುರಿದ ಊರು ನಮ್ಮದು. 2000ದವರೆಗೆ 20 ವರ್ಷಕ್ಕೂ ಜಾಸ್ತಿ ಸುರಿದರು. ಸುಪ್ರೀಂ ಕೋರ್ಟ್ 2011ರಲ್ಲಿ ಆ ಮದ್ದನ್ನೇ ದೇಶದಲ್ಲೆಲ್ಲ ನಿಲ್ಲಿಸಿತು. ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಲು ಓಡುತ್ತಿದ್ದದ್ದನ್ನು ಅಮ್ಮ ಈಗಲೂ ಹೇಳುತ್ತಾರೆ. ಆ ಮನೆಯ ಮಗಳು ನಾನು, ಹೆಸರಿಲ್ಲದ ಮದ್ದನ್ನು ಸೋಡಾ ಬಾಟಲಿಯಲ್ಲಿ ತಂದು ಅಡುಗೆ ಕೋಣೆಯ ಕಿಟಕಿಯಲ್ಲಿ ಇಟ್ಟೆ. ಅಸಲಿ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ನನಗೆ ಸಿಕ್ಕಿದ್ದು ಯಾವ ಬಣ್ಣದ್ದೋ ನೋಡಲು ಚೀಟಿಯೇ ಇರಲಿಲ್ಲ.

ವಿಷು ರಜೆಗೆ ಬಂದ ಅಕ್ಕನ ಮಗ ಅದನ್ನು ಕೈಯಲ್ಲಿ ಹಿಡಿದು ಕೇಳಿದ, "ಚಿಕ್ಕಮ್ಮ, ಇದು ಯಾವ ಜ್ಯೂಸು?" ಮುಚ್ಚಳ ತೆಗೆದಿರಲಿಲ್ಲ. ಬಾಟಲಿ ಈಗ ಕೊಟ್ಟಿಗೆಯ ಅಟ್ಟದಲ್ಲಿ, ಬೀಗ ಹಾಕಿದ ತಗಡಿನ ಪೆಟ್ಟಿಗೆಯೊಳಗೆ ಇದೆ. ತೋಡಿಗೆ ಸುರಿಯುವ ಹಾಗಿಲ್ಲ, ಕೊಟ್ಟವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ.